ಹದಿನೈದು ಡೆಸ್ಕಿನ ಭದ್ರತಾ ಮಂಡಳಿ

ಗಂಗಾವತಿಯಲ್ಲಿ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ಭಯೋತ್ಪಾದನೆಯ ಪಾಠವನ್ನು ಬಹಳ ವರ್ಷ ಎಲ್ಲರಂತೆ ನಾನೂ ಓದಿಸಿ ಮುಗಿಸುತ್ತಿದ್ದೆ. ಅರ್ಥ, ಕಾರಣಗಳು, ಪರಿಣಾಮಗಳು, ಪರಿಹಾರೋಪಾಯಗಳು, ಕೊನೆಗೊಂದು ಐದು ಅಂಕದ ಪ್ರಶ್ನೆ. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಿದ್ದರು, ನಾನು ಅಂಕ ಹಾಕುತ್ತಿದ್ದೆ. ಆ ಪಾಠದಿಂದ ಅವರಿಗೂ ಏನೂ ಆಗುತ್ತಿರಲಿಲ್ಲ, ನನಗೂ ಏನೂ ಆಗುತ್ತಿರಲಿಲ್ಲ. ಈಗ ಆರು ವರ್ಷದಿಂದ ಅದನ್ನೇ ಅಣಕು ಭದ್ರತಾ ಮಂಡಳಿಯಾಗಿ ನಡೆಸುತ್ತಿದ್ದೇನೆ. ಎರಡು ಮಧ್ಯಾಹ್ನ ಬೇಕು. ಖರ್ಚು ಎಂಟುನೂರು ರೂಪಾಯಿ ದಾಟುವುದಿಲ್ಲ, ಅದರಲ್ಲಿ ಮುಕ್ಕಾಲು ಪಾಲು ಎರಡನೆಯ ದಿನದ ಒಗ್ಗರಣೆ–ಮಿರ್ಚಿಗೆ ಹೋಗುತ್ತದೆ. ಸಿಂಧನೂರು, ಸಿರುಗುಪ್ಪ, ಕುಷ್ಟಗಿ ಕಡೆಯ ಉಪನ್ಯಾಸಕ ಮಿತ್ರರು ಮೌಲ್ಯಮಾಪನ ಕೇಂದ್ರದಲ್ಲಿ ಸಿಕ್ಕಾಗಲೆಲ್ಲ ಹೇಗೆ ಮಾಡುತ್ತೀರಿ ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿದ್ದೇನೆ.

ಮೊದಲ ತೊಡಕು ದಿನ ಗೊತ್ತುಮಾಡುವುದು. ರಾಜೀವ್ ಗಾಂಧಿಯವರ ಹತ್ಯೆಯಾದ ಮೇ 21ನ್ನು ನಮ್ಮ ದೇಶದಲ್ಲಿ ಭಯೋತ್ಪಾದನಾ ವಿರೋಧಿ ದಿನ ಎಂದು ಆಚರಿಸುತ್ತಾರೆ. ಕಚೇರಿಗಳಲ್ಲಿ ಪ್ರತಿಜ್ಞೆ ಬೋಧಿಸುತ್ತಾರೆ. ಆದರೆ ಆ ಹೊತ್ತಿಗೆ ಕಾಲೇಜಿಗೆ ಬೇಸಿಗೆ ರಜೆ, ನಮ್ಮ ಕಡೆಯ ಬಿಸಿಲಿಗೆ ಕಾಗೆಯೂ ಬೇವಿನ ಮರ ಬಿಟ್ಟು ಏಳುವುದಿಲ್ಲ. ಭಯೋತ್ಪಾದನೆಗೆ ಬಲಿಯಾದವರ ಸ್ಮರಣೆಗೆ ವಿಶ್ವಸಂಸ್ಥೆ ಕೊಟ್ಟ ದಿನ ಆಗಸ್ಟ್ 21. ಆಗ ತುಂಗಭದ್ರೆಯ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಭತ್ತದ ನಾಟಿ, ಅರ್ಧ ತರಗತಿ ಗದ್ದೆಯಲ್ಲಿರುತ್ತದೆ. ಹಿಂಸಾತ್ಮಕ ಉಗ್ರವಾದ ತಡೆಯುವ ಅಂತರರಾಷ್ಟ್ರೀಯ ದಿನ ಎಂದು 2022ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ಘೋಷಿಸಿದ್ದು ಫೆಬ್ರವರಿ 12ನ್ನು. ದ್ವಿತೀಯ ಪಿಯು ಮಕ್ಕಳಿಗೆ ಅದು ಪರೀಕ್ಷೆಯ ಜ್ವರದ ತಿಂಗಳು. ನ್ಯೂಯಾರ್ಕಿನ ವಿಶ್ವಸಂಸ್ಥೆಯವರಿಗೆ ನಮ್ಮ ವೇಳಾಪಟ್ಟಿ ಗೊತ್ತಿಲ್ಲ, ಅವರನ್ನು ದೂರಿ ಫಲವಿಲ್ಲ. ನಾನು ಡಿಸೆಂಬರ್ 10ರ ಆಸುಪಾಸು ನಡೆಸುತ್ತೇನೆ. ಭತ್ತದ ಕೊಯ್ಲಿಗೆ ಈಗ ಯಂತ್ರ ಬರುವುದರಿಂದ ಮಕ್ಕಳು ಸಿಗುತ್ತಾರೆ. ಅಂದು ಮಾನವ ಹಕ್ಕುಗಳ ದಿನ ಎಂಬುದೂ ನನ್ನ ಲೆಕ್ಕದಲ್ಲಿದೆ.

ಅನುಮತಿ ಪತ್ರದಲ್ಲಿ ‘ವಿಶ್ವಸಂಸ್ಥೆಯ ಅಣಕು ಅಧಿವೇಶನ’ ಎಂದು ಬರೆಯಿರಿ. ಮೊದಲ ವರ್ಷ ನಾನು ‘ಭಯೋತ್ಪಾದನೆ ಕಾರ್ಯಕ್ರಮ’ ಎಂದು ಬರೆದು, ಪೊಲೀಸ್ ಠಾಣೆಗೆ ತಿಳಿಸಬೇಕೇ ಎಂಬ ಚರ್ಚೆಗೆ ಒಂದು ವಾರ ಕಳೆದುಕೊಂಡೆ. ಬ್ಯಾನರ್ ಬೇಡ, ವೇದಿಕೆ ಬೇಡ, ಮುಖ್ಯ ಅತಿಥಿ ಖಂಡಿತ ಬೇಡ. ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿರುವ ಜಿಲ್ಲೆ ನಮ್ಮದು. ಶಾಂತಿ ಎಂಬ ಪದ ಕಿವಿಗೆ ಬಿದ್ದರೆ ಸಾಕು, ನಮ್ಮ ಅತಿಥಿಗಳು ಕಳಿಂಗಕ್ಕೆ ಹೊರಟುಬಿಡುತ್ತಾರೆ, ಮತ್ತೆ ಊಟದ ಹೊತ್ತಿಗೇ ವಾಪಸು.

ಚೀಟಿ ಹಂಚುವುದು

ನನ್ನ ತರಗತಿಯಲ್ಲಿ ಸಾಮಾನ್ಯವಾಗಿ ನಲವತ್ತೆಂಟು ಮಕ್ಕಳು. ಭದ್ರತಾ ಮಂಡಳಿಯಲ್ಲಿ ಹದಿನೈದು ದೇಶ. ದೇಶಕ್ಕೊಂದು ಡೆಸ್ಕು, ಡೆಸ್ಕಿಗೆ ಇಬ್ಬರು, ಅಲ್ಲಿಗೆ ಮೂವತ್ತು. ಮಹಾ ಕಾರ್ಯದರ್ಶಿ ಮತ್ತು ಅವರ ಸಿಬ್ಬಂದಿ ನಾಲ್ವರು. ಪತ್ರಕರ್ತರು ಆರು. ಉಳಿದ ಎಂಟು ಮಂದಿಗೆ ಬೇರೆ ಕೆಲಸವಿದೆ, ಅವರನ್ನು ಎರಡನೆಯ ದಿನದವರೆಗೆ ಪ್ರೇಕ್ಷಕರಾಗಿ ಕೂರಿಸಿ.

ಐದು ಕಾಯಂ ಸದಸ್ಯರ ವಿಷಯದಲ್ಲಿ ಆಯ್ಕೆಗೆ ಅವಕಾಶವಿಲ್ಲ: ಅಮೆರಿಕ, ರಷ್ಯ, ಚೀನಾ, ಬ್ರಿಟನ್, ಫ್ರಾನ್ಸ್. ಉಳಿದ ಹತ್ತು ದೇಶ ನಿಜದಲ್ಲಿ ಎರಡೆರಡು ವರ್ಷಕ್ಕೆ ಬದಲಾಗುತ್ತವೆ. ಈಗ ಯಾರಿದ್ದಾರೆ ಎಂದು ಹುಡುಕಬೇಡಿ, ಪಾಠಕ್ಕೆ ಬೇಕಾದ ಹತ್ತನ್ನು ನೀವೇ ಆರಿಸಿ. ನಾನು ಇಡುವುದು ಭಾರತ, ಶ್ರೀಲಂಕಾ, ಇಂಡೊನೇಷ್ಯ, ನ್ಯೂಜಿಲೆಂಡ್, ನಾರ್ವೆ, ಜರ್ಮನಿ, ಕೆನ್ಯಾ, ನೈಜೀರಿಯ, ಜೋರ್ಡಾನ್, ಕೊಲಂಬಿಯ.

ಈ ಹತ್ತರ ಆಯ್ಕೆಗೆ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ, ಕಾರಣ ಹೇಳಿಬಿಡುತ್ತೇನೆ. ಮೊದಲ ದಿನದ ಮನೆಗೆಲಸವೆಂದರೆ ನಿಮ್ಮ ಚೀಟಿಯ ದೇಶದಲ್ಲಿ ಏನಾಗಿತ್ತು ಎಂದು ತಿಳಿದು ಬರುವುದು. ಭಾರತದ ಡೆಸ್ಕು ಮುಂಬೈಯ 26/11 ತರುತ್ತದೆ, 166 ಜೀವ. ಇಂಡೊನೇಷ್ಯ 2002ರ ಬಾಲಿ ಸ್ಫೋಟ ತರುತ್ತದೆ, 202 ಜೀವ. ಕೆನ್ಯಾ ತರುವುದು 2013ರಲ್ಲಿ ನೈರೋಬಿಯ ವೆಸ್ಟ್‌ಗೇಟ್ ಮಳಿಗೆಗೆ ನುಗ್ಗಿದವರ ಕಥೆ. ನೈಜೀರಿಯ 2014ರಲ್ಲಿ ಚಿಬೊಕ್ ಶಾಲೆಯಿಂದ ಹೊತ್ತೊಯ್ದ 276 ಹುಡುಗಿಯರ ಕಥೆ. ಇಷ್ಟು ಹೊತ್ತಿಗೆ ತರಗತಿಯಲ್ಲಿ ಕೆಲವರು ಒಂದು ಕಡೆ ನೋಡಲು ಶುರುಮಾಡಿರುತ್ತಾರೆ, ಇನ್ನು ಕೆಲವರು ನೆಲ ನೋಡಲು. ಆಗ ನಾರ್ವೆಯನ್ನು ಎಬ್ಬಿಸಿ. 2011ರ ಜುಲೈ 22ರಂದು ಒಬ್ಬನೇ ಒಬ್ಬ ಬಲಪಂಥೀಯ ಉಗ್ರ 77 ಜನರನ್ನು ಕೊಂದ, ಅವರಲ್ಲಿ ಹೆಚ್ಚಿನವರು ದ್ವೀಪವೊಂದರಲ್ಲಿ ಯುವ ಶಿಬಿರಕ್ಕೆ ಬಂದಿದ್ದ ಹುಡುಗ ಹುಡುಗಿಯರು. ಆಮೇಲೆ ನ್ಯೂಜಿಲೆಂಡ್: 2019ರ ಮಾರ್ಚ್ 15, ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿ, 51 ಜೀವ. ಶ್ರೀಲಂಕಾದ ಡೆಸ್ಕು ಎರಡು ಕಥೆ ತರುತ್ತದೆ, ತಮಿಳು ಹುಲಿಗಳದು ಒಂದು, 2019ರ ಈಸ್ಟರ್ ಭಾನುವಾರದ್ದು ಇನ್ನೊಂದು. ಕೊಲಂಬಿಯದಲ್ಲಿ ಎಡಪಂಥೀಯ ಗೆರಿಲ್ಲಾಗಳು ಅರ್ಧ ಶತಮಾನ ಬಂದೂಕು ಹಿಡಿದು 2016ರಲ್ಲಿ ಸರ್ಕಾರದೊಂದಿಗೆ ಒಪ್ಪಂದಕ್ಕೆ ಬಂದರು. ನೀವು ಏನೂ ವ್ಯಾಖ್ಯಾನ ಮಾಡಬೇಕಾಗಿಲ್ಲ. ನೆಲ ನೋಡುತ್ತಿದ್ದವರು ತಲೆ ಎತ್ತುತ್ತಾರೆ.

ಒಂದು ವಾಕ್ಯದ ವ್ಯಾಖ್ಯೆ

ಮೊದಲ ಮಧ್ಯಾಹ್ನದ ಮುಖ್ಯ ಕೆಲಸ ಇದು. ಡೆಸ್ಕಿಗೊಂದು ಅರ್ಧ ಹಾಳೆ ಕೊಡಿ. ‘ಭಯೋತ್ಪಾದನೆ ಎಂದರೆ’ ಎಂದು ಶುರುಮಾಡಿ ಒಂದೇ ವಾಕ್ಯದಲ್ಲಿ ಮುಗಿಸಬೇಕು. ಹತ್ತು ನಿಮಿಷ. ಗೈಡಿನ ವಾಕ್ಯವನ್ನೇ ಬರೆದರೂ ಪರವಾಗಿಲ್ಲ, ಸದ್ಯ ಸುಮ್ಮನಿರಿ.

ಅವರು ಬರೆಯುತ್ತಿರುವಾಗ ಹಲಗೆಯ ಮೇಲೆ 1934, 1937 ಎಂದು ಬರೆದಿಡಿ. ಬರೆದಾದ ಮೇಲೆ ಕಥೆ ಹೇಳಿ. 1934ರ ಅಕ್ಟೋಬರ್‌ನಲ್ಲಿ ಯುಗೊಸ್ಲಾವಿಯದ ದೊರೆ ಅಲೆಕ್ಸಾಂಡರ್ ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ ಹಡಗಿನಿಂದಿಳಿದು ಕಾರಿನಲ್ಲಿ ಹೋಗುವಾಗ ಗುಂಡಿಗೆ ಬಲಿಯಾದ. ಜೊತೆಗಿದ್ದ ಫ್ರಾನ್ಸಿನ ವಿದೇಶಾಂಗ ಸಚಿವರೂ ಸತ್ತರು. ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಸಂಘ ಬೆಚ್ಚಿಬಿದ್ದು, 1937ರಲ್ಲಿ ಜಿನೀವಾದಲ್ಲಿ ಭಯೋತ್ಪಾದನೆ ತಡೆಯುವ ಒಡಂಬಡಿಕೆಯನ್ನು ಸಿದ್ಧಮಾಡಿತು. ಇಪ್ಪತ್ತಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. ಸಹಿ ಹಾಕಿ ಊರಿಗೆ ಹೋದ ಮೇಲೆ ವಿಧಿವತ್ತಾಗಿ ಅನುಮೋದಿಸಿದ್ದು ಒಂದೇ ದೇಶ. ಯಾವುದು ಎಂದು ಕೇಳಿ. ಯಾರೂ ಹೇಳುವುದಿಲ್ಲ. ಭಾರತ ಎಂದಾಗ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ನಿಂತ ಮೇಲೆ, ಆಗ ಭಾರತವನ್ನು ಆಳುತ್ತಿದ್ದವರು ಯಾರು ಎಂದು ಕೇಳಿ. 1931ರಲ್ಲಿ ಭಗತ್ ಸಿಂಗರನ್ನು ಗಲ್ಲಿಗೇರಿಸಿದ ಸರ್ಕಾರವೇ ಈ ಒಡಂಬಡಿಕೆಗೆ ಮುದ್ರೆ ಒತ್ತಿದ್ದು. ಬೇರೆ ಯಾರೂ ಮುಂದೆ ಬರದೆ ಒಡಂಬಡಿಕೆ ಜಾರಿಗೇ ಬರಲಿಲ್ಲ.

ಈಗ ಅವರ ವಾಕ್ಯಗಳನ್ನು ಪರೀಕ್ಷೆಗೆ ಹಚ್ಚಿ. ಪರೀಕ್ಷೆಯ ಸಾಮಗ್ರಿ ನಮ್ಮ ನೆಲದಲ್ಲೇ ಇದೆ, ಇದಕ್ಕಾಗಿ ಪ್ಯಾಲೆಸ್ಟೀನಿಗೆ ಹೋಗಬೇಕಾಗಿಲ್ಲ. 1947ರಲ್ಲಿ ಬಳ್ಳಾರಿ ಸ್ವತಂತ್ರವಾಯಿತು, ಕೊಪ್ಪಳ, ರಾಯಚೂರು ಆಗಲಿಲ್ಲ. ನಿಜಾಮನ ಸಂಸ್ಥಾನದಲ್ಲಿ ಇನ್ನೂ ಹದಿಮೂರು ತಿಂಗಳು ರಜಾಕಾರರೆಂಬ ಸಶಸ್ತ್ರ ಪಡೆಯ ಹಾವಳಿ ನಡೆಯಿತು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ಶಿಬಿರ ಇತ್ತು. ಇಂಥ ಗಡಿ ಶಿಬಿರಗಳಿಂದ ಹೋದವರು ನಿಜಾಮನ ನಾಕಾಗಳ ಮೇಲೆ, ಠಾಣೆಗಳ ಮೇಲೆ ಬಂದೂಕು ಹಿಡಿದು ಬಿದ್ದಿದ್ದಾರೆ. ಅವರನ್ನು ನಾವು ಸ್ವಾತಂತ್ರ್ಯ ಹೋರಾಟಗಾರರು ಎನ್ನುತ್ತೇವೆ, ಸರ್ಕಾರ ಪಿಂಚಣಿ ಕೊಟ್ಟಿದೆ. ನಿನ್ನ ವಾಕ್ಯದ ಬಲೆಯಲ್ಲಿ ಅವರು ಬೀಳುತ್ತಾರೆಯೇ? ಹೆಚ್ಚಿನ ವಾಕ್ಯಗಳಲ್ಲಿ ಬೀಳುತ್ತಾರೆ. ಆಗ ಮಕ್ಕಳು ಗಡಿಬಿಡಿಯಿಂದ ‘ಸ್ವಾತಂತ್ರ್ಯಕ್ಕಾಗಿ ಮಾಡಿದ್ದನ್ನು ಹೊರತುಪಡಿಸಿ’ ಎಂದು ಸೇರಿಸುತ್ತಾರೆ. ಹಾಗಾದರೆ ಇಂದು ಜಗತ್ತಿನ ಯಾವ ಗುಂಪು ತಾನು ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿಲ್ಲ ಎನ್ನುತ್ತದೆ ಎಂದು ಕೇಳಿ. ಸೇರಿಸಿದ್ದನ್ನು ಹೊಡೆದುಹಾಕುತ್ತಾರೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಕಷ್ಟದ್ದು, ಆದರೆ ಬಿಡಬೇಡಿ. ರಜಾಕಾರರಿಗೆ ನಿಜಾಮನ ಆಡಳಿತದ ಬೆಂಬಲವಿತ್ತು. ಆಡಳಿತವೇ ಬೆನ್ನಿಗಿರುವ ಪಡೆ ನಡೆಸಿದ ಹಿಂಸೆ ಭಯೋತ್ಪಾದನೆಯೋ ಅಲ್ಲವೋ? ನಿಜಾಮ ಭಾರತಕ್ಕೆ ಶರಣಾದ 1948ರ ಸೆಪ್ಟೆಂಬರ್ 17ರ ನಂತರ, ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರ ಮೇಲೆ ಹಲವೆಡೆ ಸೇಡಿನ ದಾಳಿಗಳಾದವು. ಪರಿಶೀಲನೆಗೆ ದಿಲ್ಲಿಯಿಂದ ಬಂದ ಸುಂದರಲಾಲ್ ಸಮಿತಿ ಅದನ್ನು ದಾಖಲಿಸಿತು. ಅದನ್ನು ಏನೆಂದು ಕರೆಯುತ್ತೀರಿ? ನಮ್ಮ ಮನೆಯಲ್ಲಿ ಅಜ್ಜಿ ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದ ಗುಂಡಿಯಲ್ಲಿ, ಅಡಗಿ ಕುಳಿತ ಕಥೆ ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯ ಉರ್ದು ಉಪನ್ಯಾಸಕಿಯ ಅಜ್ಜಿಯದೂ ಅಡಗಿ ಕುಳಿತ ಕಥೆಯೇ, ಕೆಲವೇ ವಾರಗಳ ಅಂತರದ್ದು. ನಾವಿಬ್ಬರೂ ತರಗತಿಗೆ ಒಟ್ಟಿಗೆ ಹೋಗಿ ಎರಡನ್ನೂ ಹೇಳುತ್ತೇವೆ. ನಿಮ್ಮ ಕಾಲೇಜಿನಲ್ಲಿ ಅಂಥ ಜೊತೆ ಸಿಗದಿದ್ದರೆ ಒಂದನ್ನೇ ಹೇಳಬೇಡಿ, ಎರಡನ್ನೂ ಬಿಟ್ಟುಬಿಡಿ.

ವಿಶ್ವಸಂಸ್ಥೆ ಸಿಕ್ಕಿಬಿದ್ದಿರುವುದೂ ಸರಿಯಾಗಿ ಈ ಎರಡು ಪ್ರಶ್ನೆಗಳಲ್ಲೇ. ಭಾರತ 1996ರಲ್ಲಿ ಅಂತರರಾಷ್ಟ್ರೀಯ ಭಯೋತ್ಪಾದನೆಯ ಸಮಗ್ರ ಒಡಂಬಡಿಕೆಯ ಕರಡು ಮುಂದಿಟ್ಟಿತು. ಪರಕೀಯ ಆಕ್ರಮಣದ ವಿರುದ್ಧ ಹೋರಾಡುವವರ ಕಥೆ ಏನು, ದೇಶಗಳ ಸೇನೆ ಮಾಡುವುದರ ಕಥೆ ಏನು ಎಂಬಲ್ಲಿ ಅದು ನಿಂತಿದೆ. ಆ ಕರಡಿಗೆ ನನ್ನ ವಿದ್ಯಾರ್ಥಿಗಳಿಗಿಂತ ಹೆಚ್ಚು ವಯಸ್ಸಾಗಿದೆ.

ಒಟ್ಟು ವ್ಯಾಖ್ಯೆ ಸಿಗದಿದ್ದರೂ ಕೃತ್ಯಗಳ ಮಟ್ಟದಲ್ಲಿ ಕೆಲಸ ನಿಂತಿಲ್ಲ ಎಂಬುದನ್ನು ಬೇಗ ಹೇಳಿ ಮುಗಿಸಿ: ವಿಮಾನದೊಳಗಿನ ಅಪರಾಧಗಳ ಬಗ್ಗೆ 1963ರ ಟೋಕಿಯೊ ಒಡಂಬಡಿಕೆ, ಅಪಹರಣಕ್ಕೆ 1970ರ ಹೇಗ್, ಒತ್ತೆಯಾಳು ಇಟ್ಟುಕೊಳ್ಳುವುದಕ್ಕೆ 1979, ಬಾಂಬಿಗೆ 1997, ಹಣಕ್ಕೆ 1999, ಪರಮಾಣು ವಸ್ತುವಿಗೆ 2005. ಒಟ್ಟು ಹತ್ತೊಂಬತ್ತು. ಯಾವನು ಭಯೋತ್ಪಾದಕ ಎಂದು ಒಪ್ಪದವರು ಯಾವುದನ್ನು ಮಾಡಕೂಡದು ಎಂದು ಒಪ್ಪಿದ್ದಾರೆ.

ಪಾಸ್‌ಬುಕ್ ತರಲು ಹೇಳಿ

ಭದ್ರತಾ ಮಂಡಳಿಯ ನಿರ್ಣಯಗಳ ಸಂಖ್ಯೆ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಎರಡನೆಯ ದಿನ ವಿದ್ಯಾರ್ಥಿವೇತನದ ಪಾಸ್‌ಬುಕ್ ತರಲು ಹೇಳಿ, ಅದರಿಂದ ಶುರುಮಾಡಿ. ಖಾತೆ ತೆರೆಯುವಾಗ ಬ್ಯಾಂಕಿನವರು ಆಧಾರ್, ಫೋಟೊ, ವಿಳಾಸ ಎಂದು ಕಾಡಿದ್ದು ಏಕೆ? 1999ರ 1267ನೇ ನಿರ್ಣಯದಡಿ ವಿಶ್ವಸಂಸ್ಥೆ ಹೆಸರುಗಳ ಪಟ್ಟಿ ಇಟ್ಟಿದೆ. ಅದರಲ್ಲಿದ್ದವರ ಆಸ್ತಿ ಮುಟ್ಟುಗೋಲು, ಪ್ರಯಾಣಕ್ಕೆ ನಿರ್ಬಂಧ. 2001ರ ಸೆಪ್ಟೆಂಬರ್ 28ರ 1373ನೇ ನಿರ್ಣಯ ಭಯೋತ್ಪಾದನೆಗೆ ಹಣ ಒದಗಿಸುವುದನ್ನು ಅಪರಾಧವಾಗಿಸಲು ಎಲ್ಲ ದೇಶಗಳನ್ನೂ ಬದ್ಧವಾಗಿಸಿತು. ಎಫ್‌ಎಟಿಎಫ್ ಎಂಬ ಅಂತರಸರ್ಕಾರಿ ಸಂಸ್ಥೆ 1989ರಿಂದ ಇದೆ, ಭಾರತ 2010ರಲ್ಲಿ ಸೇರಿತು. ಯಾವ ದೇಶದ ಬ್ಯಾಂಕು ವ್ಯವಸ್ಥೆ ಎಷ್ಟು ಜರಡಿಯಾಗಿದೆ ಎಂದು ನೋಡುವುದು ಅದರ ಕೆಲಸ. ಪಾಕಿಸ್ತಾನವನ್ನು ಬೂದು ಪಟ್ಟಿಗೆ ಹಾಕಿದ್ದು ಇವರೇ ಅಲ್ಲವೇ ಎಂದು ಒಬ್ಬನಾದರೂ ಕೇಳುತ್ತಾನೆ. ಹೌದು, ಕೊರತೆಯಿರುವ ದೇಶಗಳ ಮೇಲೆ ನಿಗಾ ಇಡುವ ಪಟ್ಟಿ ಅದು, ಪಾಕಿಸ್ತಾನ ಅದರಲ್ಲಿದ್ದದ್ದು 2018ರಿಂದ 2022ರವರೆಗೆ. ಗಂಗಾವತಿಯ ಕೌಂಟರಿನಲ್ಲಿ ನೀನು ತುಂಬಿದ ಕೆವೈಸಿ ಅರ್ಜಿ ಇದೇ ಸರಪಳಿಯ ಕೊನೆಯ ಕೊಂಡಿ, ಹೊಸ ಖಾತೆಯ ಹೆಸರನ್ನು ಆ ಪಟ್ಟಿಯೊಂದಿಗೆ ತಾಳೆ ನೋಡುವುದು ಬ್ಯಾಂಕಿನ ಕರ್ತವ್ಯ ಎಂದು ಹೇಳಿದಾಗ ಪಾಸ್‌ಬುಕ್ಕನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಇಲ್ಲೇ ಒಂದು ಉಪಯೋಗದ ಮಾತು ಸೇರಿಸಿ. ‘ನಿನ್ನ ಖಾತೆ, ಎಟಿಎಂ ಕಾರ್ಡು ಒಂದು ತಿಂಗಳು ಕೊಡು, ಐದು ಸಾವಿರ ಕೊಡುತ್ತೇನೆ’ ಎನ್ನುವವರು ಕಾಲೇಜು ಮಕ್ಕಳನ್ನೇ ಹುಡುಕುತ್ತಾರೆ. ಹೆಚ್ಚಿನ ಸಲ ಅದು ಸೈಬರ್ ವಂಚನೆಯ ಹಣ. ಯಾವ ಹಣವಾದರೂ ಹೆಸರು ನಿನ್ನದೇ. ಹಣ ಕಳೆದುಕೊಂಡವರು ಕೂಡಲೇ ಕರೆಯಬೇಕಾದ ಸಂಖ್ಯೆ 1930. ಹಲಗೆಯ ಮೂಲೆಯಲ್ಲಿ ಬರೆದು, ಅದಕ್ಕೆ ಚೌಕ ಹಾಕಿ ಉಳಿಸಿಕೊಳ್ಳಿ.

ಕ್ಷ ಎಂಬ ಹುಡುಗ

ಈಗ ಪ್ರೇಕ್ಷಕರಾಗಿ ಕುಳಿತ ಎಂಟು ಮಂದಿಯನ್ನು ಕರೆಯಿರಿ. ಮೂವರದು ಸ್ಫೋಟವೊಂದರಲ್ಲಿ ಮನೆಯವರನ್ನು ಕಳೆದುಕೊಂಡವರ ಪಾತ್ರ. ಐವರು ಕ್ಷ ಎಂಬ ಹತ್ತೊಂಬತ್ತು ವರ್ಷದ ಹುಡುಗ ಮತ್ತು ಅವನ ಮನೆಯವರು. ದೇಶದ ಹೆಸರು ಹೊಳೆನಾಡು, ನಾನೇ ಇಟ್ಟದ್ದು. ಅಲ್ಲಿ ಎಡದಂಡೆಯವರು ಮತ್ತು ಬಲದಂಡೆಯವರು ಎಂಬ ಎರಡು ಪಂಗಡ. ನಿಜವಾದ ಜಾತಿ, ಧರ್ಮ, ದೇಶ ಯಾವುದನ್ನೂ ಕ್ಷನಿಗೆ ಕೊಡಬೇಡಿ. ಅಡ್ಡಹೆಸರು ಕೂಡ ಬೇಡ.

ಏಳು ಚೀಟಿಗಳನ್ನು ಕ್ಷ ಒಂದೊಂದಾಗಿ ಓದುತ್ತಾನೆ. ಕಾಲುವೆಯ ಕೊನೆ ಭಾಗದ ತಮ್ಮೂರಿಗೆ ಮೂರು ವರ್ಷದಿಂದ ನೀರು ಬಂದಿಲ್ಲ. ನೌಕರಿಯ ಪರೀಕ್ಷೆ ಎರಡು ಸಲ ಮುಂದೂಡಿದೆ. ಪ್ರತಿಭಟನೆಯಲ್ಲಿದ್ದ ಅಣ್ಣನನ್ನು ಪೊಲೀಸರು ಕರೆದೊಯ್ದು ಹನ್ನೊಂದು ದಿನ ಇಟ್ಟುಕೊಂಡರು, ಅಣ್ಣ ಕುಂಟುತ್ತಾ ಬಂದ. ಒಬ್ಬ ಹಿರಿಯ ದಿನಾ ಚಹಾ ಕುಡಿಸಿ ‘ನಿನ್ನ ಸಿಟ್ಟು ನ್ಯಾಯವಾದದ್ದು’ ಎಂದ. ಅಷ್ಟರವರೆಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ಮೊಬೈಲಿಗೆ ವಿಡಿಯೊಗಳು ಬರತೊಡಗಿದವು. ದಂಡೆ ಸೇನೆ ಎಂಬ ಉಗ್ರರ ಗುಂಪು ತಿಂಗಳಿಗೆ ಹನ್ನೆರಡು ಸಾವಿರ ಕೊಡುತ್ತದಂತೆ. ಕೊನೆಯ ಚೀಟಿ: ಒಂದು ಚೀಲವನ್ನು ಬಸ್ ನಿಲ್ದಾಣಕ್ಕೆ ತಲುಪಿಸಿ ಬಾ.

ಮಂಡಳಿಗೆ ಒಂದೇ ಪ್ರಶ್ನೆ: ಎಷ್ಟನೆಯ ಚೀಟಿಯಲ್ಲಿ ಯಾರು ಬಂದಿದ್ದರೆ ಏಳನೆಯದು ಬರುತ್ತಿರಲಿಲ್ಲ? ನಾಲ್ಕನೆಯ ಚೀಟಿಯಲ್ಲಿ ಆ ಹಿರಿಯನ ಬದಲು ಮಾವನೋ ಮೇಷ್ಟ್ರೋ ಚಹಾ ಕುಡಿಸಿದ್ದರೆ ಎಂದು ಹುಡುಗಿಯರು ಹೇಳುತ್ತಾರೆ. ಹುಡುಗರು ಮೂರನೆಯದಕ್ಕೆ ನಿಲ್ಲುತ್ತಾರೆ. ಒಂದು ಗಂಟೆ ಬೇಕಾದರೆ ಒಂದು ಗಂಟೆ ಬಿಡಿ. ಆಮೇಲೆ ಹೇಳಿ: ಆಫ್ರಿಕಾದಲ್ಲಿ ಇಂಥ ಗುಂಪುಗಳಿಗೆ ತಾವಾಗಿ ಸೇರಿದ್ದವರನ್ನೇ ಮಾತನಾಡಿಸಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ (ಯುಎನ್‌ಡಿಪಿ) 2017ರಲ್ಲಿ ಒಂದು ವರದಿ ತಂದಿತು. ಕೊನೆಗೆ ನಿನ್ನನ್ನು ತಳ್ಳಿದ್ದು ಯಾವುದು ಎಂಬುದಕ್ಕೆ ನೂರರಲ್ಲಿ 71 ಜನ ಹೇಳಿದ್ದು ಸರ್ಕಾರದ ಕೃತ್ಯವನ್ನು, ಮನೆಯವರದೋ ಗೆಳೆಯರದೋ ಸಾವು ಅಥವಾ ಬಂಧನವನ್ನು. ಮೂರನೆಯ ಚೀಟಿಯ ಪಕ್ಷದವರು ಮೇಜು ಕುಟ್ಟುತ್ತಾರೆ. ಕುಟ್ಟಲಿ. ಆದರೆ ಬಲಿಯಾದವರ ಮನೆಯ ಮೂವರನ್ನು ಆಗಲೇ ಎಬ್ಬಿಸಿ, ಕ್ಷನಿಗೆ ಏನು ಹೇಳುತ್ತೀರಿ ಎಂದು ಕೇಳಿ. ಕಳೆದ ಸಲ ಒಬ್ಬಳು ‘ನಿನ್ನ ಅಣ್ಣ ಕುಂಟುತ್ತಾ ಆದರೂ ಬಂದ’ ಎಂದಳು. ಮೇಜಿನ ಸದ್ದು ನಿಂತಿತು.

ಈ ಹಂತದಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಮನೆ ಬರೆಯುತ್ತೇನೆ, ಕುಂಟೆಬಿಲ್ಲೆಯಂತೆ. 2006ರ ಸೆಪ್ಟೆಂಬರ್ 8ರಂದು ಸಾಮಾನ್ಯ ಸಭೆ ಒಮ್ಮತದಿಂದ ಒಪ್ಪಿದ ಜಾಗತಿಕ ಕಾರ್ಯತಂತ್ರದ ನಾಲ್ಕು ಸ್ತಂಭಗಳು ಇವು: ಭಯೋತ್ಪಾದನೆ ಹುಟ್ಟುವ ಪರಿಸ್ಥಿತಿಯನ್ನು ಸರಿಪಡಿಸುವುದು, ತಡೆದು ಹತ್ತಿಕ್ಕುವುದು, ದೇಶಗಳ ಸಾಮರ್ಥ್ಯ ಬೆಳೆಸುವುದು, ಮಾನವ ಹಕ್ಕು ಮತ್ತು ಕಾನೂನಿನ ಆಳ್ವಿಕೆಯನ್ನು ಕಾಪಾಡುವುದು. ಏಳು ಚೀಟಿಗಳನ್ನು ಯಾವ ಮನೆಗೆ ಸೇರಿದವೋ ಅಲ್ಲಿ ಇಡಿಸಿ. ಎರಡನೆಯ ಮನೆಗೆ ಹೋಗುವುದು ಒಂದೋ ಎರಡೋ ಮಾತ್ರ. ಜಗತ್ತಿನ ಹಣ ಮತ್ತು ಗಮನ ಆ ಎರಡನೆಯ ಮನೆಯಲ್ಲೇ ರಾಶಿ ಬಿದ್ದಿದೆ ಎಂಬ ಕೊರಗಿನಿಂದಲೇ ಆಗಿನ ಮಹಾ ಕಾರ್ಯದರ್ಶಿ ಬಾನ್ ಕಿ ಮೂನ್ 2016ರ ಜನವರಿಯಲ್ಲಿ ಹಿಂಸಾತ್ಮಕ ಉಗ್ರವಾದ ತಡೆಯುವ ಕ್ರಿಯಾಯೋಜನೆಯನ್ನು ಸಭೆಯ ಮುಂದಿಟ್ಟರು. ಶಿಕ್ಷಣ, ಯುವಜನ, ಮಹಿಳೆಯರು, ಉದ್ಯೋಗ, ಆಡಳಿತ ಎಂದು ಎಪ್ಪತ್ತಕ್ಕೂ ಹೆಚ್ಚು ಶಿಫಾರಸುಗಳು ಅದರಲ್ಲಿವೆ. ದೇಶಗಳು ಅದನ್ನು ಸ್ವಾಗತಿಸಿದ್ದು ಎಚ್ಚರಿಕೆಯ ಮಾತುಗಳಲ್ಲಿ. ಬೇರು ಎಲ್ಲಿದೆ ಎಂದು ಅಗೆಯಲು ಹೊರಟರೆ ಯಾರ ಅಂಗಳ ಮೊದಲು ಸಿಗುತ್ತದೆ ಎಂಬುದು ಅವರಿಗೆಲ್ಲ ಗೊತ್ತು.

ಲಕ್ಷಣಗಳ ಪಟ್ಟಿ ಕೊಡಬೇಡಿ

ಅತಿಥಿ ಬೇಡ ಎಂದಿದ್ದೆ. ಹಿಂದೆ ನಾನಿದ್ದ ಒಂದು ಕಾಲೇಜಿನಲ್ಲಿ ಇದೇ ವಿಷಯಕ್ಕೆ ಒಬ್ಬರನ್ನು ಕರೆಸಿದ್ದೆವು. ಅವರು ಪಟ್ಟಿ ತಂದಿದ್ದರು. ಹುಡುಗ ಇದ್ದಕ್ಕಿದ್ದಂತೆ ಮೌನಿಯಾದರೆ, ಹಳೆಯ ಗೆಳೆಯರನ್ನು ಬಿಟ್ಟರೆ, ದೇವರ ಕಡೆ ಹೊಸದಾಗಿ ವಾಲಿದರೆ, ಮೊಬೈಲು ಮುಚ್ಚಿಟ್ಟುಕೊಂಡರೆ ಎಚ್ಚರ ಎಂದರು. ಮೂರನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಎರಡು ತಿಂಗಳ ಹಿಂದೆ ತಂದೆ ತೀರಿಕೊಂಡಿದ್ದರು. ಪಟ್ಟಿಯ ಒಂದೊಂದು ಮಾತಿಗೂ ಒಂದೊಂದು ತಲೆ ಅವನತ್ತ ತಿರುಗಿತು. ಸಭೆಯಲ್ಲಿ ನಾನೂ ಇದ್ದೆ, ಎದ್ದು ನಿಲ್ಲಲಿಲ್ಲ. ಮರುದಿನದಿಂದ ಅವನು ಬರಲಿಲ್ಲ. ಒಂಬತ್ತನೆಯ ದಿನ ವಿಳಾಸ ಹುಡುಕಿಕೊಂಡು ಹೋದರೆ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುತ್ತಿದ್ದ. ಸಭೆಯ ಮಾತೇ ಎತ್ತಲಿಲ್ಲ. ‘ಹಾಜರಾತಿ ಕಡಿಮೆಯಾಗಿದ್ದು ತುಂಬಿಸಿಕೊಳ್ಳಬಹುದೇ ಮೇಡಂ’ ಎಂದು ಕೇಳಿದ, ಅಷ್ಟೇ.

ಬ್ರಿಟನ್ 2015ರಲ್ಲಿ ಇದನ್ನೇ ಕಾನೂನಿನ ಮಟ್ಟದಲ್ಲಿ ಮಾಡಿತು. ಮಕ್ಕಳು ಭಯೋತ್ಪಾದನೆಯತ್ತ ಸೆಳೆಯಲ್ಪಡದಂತೆ ನೋಡಿಕೊಳ್ಳುವ ಹೊಣೆಯನ್ನು ಶಾಲೆಗಳ ಮೇಲೆ ಹೊರಿಸಿತು. ಮೇಷ್ಟ್ರುಗಳು ಪತ್ತೇದಾರರಾದರು, ಮುಸ್ಲಿಂ ಮಕ್ಕಳು ತರಗತಿಯಲ್ಲಿ ಬಾಯಿ ಬಿಡಲು ಹೆದರುವಂತಾಯಿತು ಎಂದು ಮಾನವ ಹಕ್ಕು ಸಂಘಟನೆಗಳು ಇಂದಿಗೂ ಅದನ್ನು ಟೀಕಿಸುತ್ತವೆ. ತರಗತಿಯಲ್ಲಿ ಬಾಯಿ ಮುಚ್ಚಿದ ಮಗು ಚಹಾ ಕುಡಿಸುವವನ ಮುಂದೆ ಬಾಯಿ ಬಿಡುತ್ತದೆ. ಯುನೆಸ್ಕೋ 2016ರಲ್ಲಿ ಶಿಕ್ಷಕರಿಗೆಂದೇ ತಂದ ಕೈಪಿಡಿ ಒತ್ತು ಕೊಡುವುದು ಚರ್ಚೆ ನಡೆಸುವ ಬಗೆಗೆ. ಬಿಡುವು ಮಾಡಿಕೊಂಡು ಓದಿ.

ಹಾಗಾದರೆ ನಿಜವಾಗಿ ಆತಂಕವಾದಾಗ ಏನು ಮಾಡಬೇಕು? ನಾನು ಮಾಡುವುದು ಇಷ್ಟು. ಅವನ ಅಭಿಪ್ರಾಯದ ಜೊತೆ ವಾದಕ್ಕಿಳಿಯುವುದಿಲ್ಲ. ಈಚೆಗೆ ಏನು ಕಳೆದುಕೊಂಡೆ ಎಂದು ಕೇಳುತ್ತೇನೆ. ಅವನು ನಂಬುವ ಒಬ್ಬ ದೊಡ್ಡವರನ್ನು ಹುಡುಕುತ್ತೇನೆ, ಅದು ನಾನೇ ಆಗಬೇಕೆಂಬ ಹಟವಿಲ್ಲ. ಒಮ್ಮೆ ಅದು ಕಬಡ್ಡಿ ಕಲಿಸುವ ಅಣ್ಣನಾಗಿದ್ದ. ಮನಸ್ಸಿನ ನೋವು ಕಂಡರೆ ಟೆಲಿ ಮಾನಸ್ 14416, ಹದಿನೆಂಟರೊಳಗಿನವರಾದರೆ ಮಕ್ಕಳ ಸಹಾಯವಾಣಿ 1098. ಇಂಥವರನ್ನು, ಇಂಥ ದಿನ, ಹೀಗೆ ಮಾಡುತ್ತೇನೆ ಎಂಬ ಮಾತು ಬಾಯಿಂದ ಬಂದರೆ ಮಾತ್ರ ತಡಮಾಡದೆ ಪ್ರಾಂಶುಪಾಲರು, ಮನೆಯವರು, 112. ಆ ಗೆರೆ ಎಲ್ಲಿದೆ ಎಂಬುದನ್ನು ಮಕ್ಕಳಿಗೂ ಮೊದಲೇ ಹೇಳಿಡಿ. ಗೆರೆಯ ಈಚೆಗಿನ ಸಿಟ್ಟು, ಕೆಟ್ಟ ಮಾತು, ತಲೆಕೆಟ್ಟ ರಾಜಕೀಯ ಎಲ್ಲವೂ ತರಗತಿಯದು.

ವಿಡಿಯೊ ಬಗ್ಗೆ ಒಂದು ಕಟ್ಟಪ್ಪಣೆ

ಮನೆಗೆಲಸಕ್ಕೆ ಹುಡುಕುವಾಗ ಯಾರೂ ದಾಳಿಯ ವಿಡಿಯೊ ತೆರೆಯಕೂಡದು, ಕಳಿಸಕೂಡದು. ಕಾರಣ ಹೇಳದೆ ಅಪ್ಪಣೆ ಮಾಡಿದರೆ ಅದನ್ನೇ ಹುಡುಕುತ್ತಾರೆ, ಆದ್ದರಿಂದ ಕಾರಣ ಹೇಳಿ. ಕ್ರೈಸ್ಟ್‌ಚರ್ಚ್‌ನ ಕೊಲೆಗಾರ ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಮೊದಲ 24 ಗಂಟೆಯಲ್ಲಿ ಆ ಕಂಪನಿ ತೆಗೆದುಹಾಕಿದ ಪ್ರತಿಗಳು 15 ಲಕ್ಷ. ಕೊಲೆಗಾರ ಪ್ರಸಾರ ಮಾಡಿದ್ದು ಒಂದು, ಮಿಕ್ಕದ್ದೆಲ್ಲ ‘ನೋಡಿ ಎಂಥ ಅನ್ಯಾಯ’ ಎಂದವರದೂ ಸೇರಿ ಬೇರೆಯವರ ಕೈಚಳಕ. ಎರಡು ತಿಂಗಳ ನಂತರ ನ್ಯೂಜಿಲೆಂಡಿನ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಮತ್ತು ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಪ್ಯಾರಿಸ್ಸಿನಲ್ಲಿ ಸರ್ಕಾರಗಳನ್ನೂ ಕಂಪನಿಗಳನ್ನೂ ಒಂದೆಡೆ ಕೂಡಿಸಿ, ಇಂಥವನ್ನು ಅಂತರ್ಜಾಲದಿಂದ ದೂರವಿಡುವ ‘ಕ್ರೈಸ್ಟ್‌ಚರ್ಚ್ ಕರೆ’ ಹೊರಡಿಸಿದರು. ಒಂದು ಕಂಪನಿ ಗುರುತಿಸಿದ ವಿಡಿಯೊದ ಡಿಜಿಟಲ್ ಬೆರಳಚ್ಚನ್ನು ಉಳಿದವರೂ ಬಳಸುವ ವ್ಯವಸ್ಥೆ 2017ರ ಹೊತ್ತಿಗಾಗಲೇ ಇತ್ತು. ಆರ್ಡರ್ನ್ ಸಂಸತ್ತಿನಲ್ಲಿ ಆ ಕೊಲೆಗಾರನ ಹೆಸರು ಎತ್ತುವುದಿಲ್ಲ ಎಂದರು. ನಮ್ಮ ಪತ್ರಕರ್ತರ ಡೆಸ್ಕಿಗೂ ಅದೇ ನಿಯಮ. ಸತ್ತವರ ಬಗ್ಗೆ ಬರೆಯಬೇಕು, ಕೊಂದವನ ಹೆಸರಿಲ್ಲದೆ ವರದಿ ಮುಗಿಸಬೇಕು. ಬರೆದು ನೋಡಿದರೆ ಕಷ್ಟ ಗೊತ್ತಾಗುತ್ತದೆ.

ಮೇಣ ಮತ್ತು ಅರಿಶಿನ

ಇಂಥ ಗುಂಪು ಹೊಕ್ಕವರು ಹೊರಬರುವ ದಾರಿಯನ್ನು ತೋರಿಸಲು ಜರ್ಮನಿಯ ಡೆಸ್ಕಿಗೆ ಒಂದು ಆಟ ಕೊಡುತ್ತೇನೆ. ಬಿಳಿ ಡ್ರಾಯಿಂಗ್ ಶೀಟಿನ ಮೇಲೆ ಮೇಣದಬತ್ತಿಯಿಂದ ಒತ್ತಿ ಒಂದು ವಾಕ್ಯ ಬರೆಯಬೇಕು, ಕಣ್ಣಿಗೆ ಕಾಣುವುದಿಲ್ಲ. ಒಣಗುತ್ತಾ ಬಂದ ಪೆನ್ನಿನಿಂದ ಅದರ ಮೇಲೆ ದಂಡೆ ಸೇನೆಯ ಘೋಷಣೆಯನ್ನು ತೆಳ್ಳಗೆ ಬರೆದು ಕ್ಷನಿಗೆ ಕೊಡಬೇಕು. ಕ್ಷ ಅದನ್ನು ಹೆಮ್ಮೆಯಿಂದ ಎತ್ತಿ ಹಿಡಿದಾಗ ಒಬ್ಬರು ಅರಿಶಿನ ನೀರಿನಲ್ಲಿ ಅದ್ದಿದ ಬಟ್ಟೆ ಸವರಬೇಕು. ಹಳದಿಯ ನಡುವೆ ಬಿಳಿ ಅಕ್ಷರ ಮೂಡುತ್ತದೆ.

2011ರಲ್ಲಿ ಜರ್ಮನಿಯ ಗೇರಾ ಪಟ್ಟಣದ ನವ ನಾಜಿ ಸಂಗೀತ ಮೇಳದಲ್ಲಿ 250 ಟೀ ಶರ್ಟುಗಳನ್ನು ಪುಕ್ಕಟೆ ಹಂಚಲಾಯಿತು. ತಲೆಬುರುಡೆಯ ಚಿತ್ರ, ಅವರದೇ ಘೋಷಣೆ. ಮನೆಗೆ ಹೋಗಿ ಒಗೆದ ಮೇಲೆ ಆ ಚಿತ್ರ ಅಳಿಸಿಹೋಗಿ ಕೆಳಗಿನ ಬರಹ ಕಂಡಿತು: ನಿನ್ನ ಅಂಗಿಗೆ ಸಾಧ್ಯವಾದದ್ದು ನಿನಗೂ ಸಾಧ್ಯ, ಹೊರಬರಲು ನಾವು ನೆರವಾಗುತ್ತೇವೆ ಎಂಬ ಅರ್ಥದ ಮಾತು. ಹಂಚಿಸಿದ್ದು ಎಕ್ಸಿಟ್ ಡಾಯ್ಚ್‌ಲ್ಯಾಂಡ್. ಒಬ್ಬ ಮಾಜಿ ಪೊಲೀಸ್ ಅಧಿಕಾರಿ ಮತ್ತು ಒಬ್ಬ ಮಾಜಿ ನವ ನಾಜಿ ಸೇರಿ 2000ದಲ್ಲಿ ಕಟ್ಟಿದ ಸಂಸ್ಥೆ ಅದು. ನಮ್ಮ ರಾಜ್ಯದಲ್ಲೂ 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು, ಆ ಸುದ್ದಿಯ ತುಣುಕನ್ನು ಭಾರತದ ಡೆಸ್ಕಿನವರಿಂದ ಓದಿಸುತ್ತೇನೆ. ಅರಿಶಿನ ಸಮವಸ್ತ್ರಕ್ಕೆ ತಗುಲಿದರೆ ಹೋಗುವುದಿಲ್ಲ, ಮನೆಯಿಂದ ಫೋನು ಬರುತ್ತದೆ. ಹಳೆಯ ಅಂಗಿ ತರಲು ಹೇಳಿ.

ಕೊನೆಯ ಮುಕ್ಕಾಲು ಗಂಟೆ ಮತದಾನಕ್ಕೆ. ಯಾವುದಾದರೂ ಎರಡು ಡೆಸ್ಕು ಕರಡು ನಿರ್ಣಯ ತರಬೇಕು, ಮೂರು ಅಂಶ ಸಾಕು. ಅಂಗೀಕಾರಕ್ಕೆ ಒಂಬತ್ತು ಮತ ಬೇಕು ಮತ್ತು ಕಾಯಂ ಐವರಲ್ಲಿ ಯಾರೂ ಬೇಡ ಎನ್ನಕೂಡದು, ಹಾಗೆ ಬೇಡ ಎಂದು ತಡೆಯುವುದೇ ವೀಟೊ. ಒಗ್ಗರಣೆ–ಮಿರ್ಚಿ ಮತದಾನ ಮುಗಿದ ಮೇಲೆಯೇ ಬರಲಿ. ಮೊದಲೇ ತರಿಸಿದ ವರ್ಷ ಹಸಿದ ಹದಿನೈದು ದೇಶಗಳು ಓದದೆ ಒಪ್ಪಿಬಿಟ್ಟವು.

ಕಳೆದ ಡಿಸೆಂಬರಿನಲ್ಲಿ ನಾರ್ವೆ ಮತ್ತು ಭಾರತ ಸೇರಿ ವ್ಯಾಖ್ಯೆಯನ್ನೇ ನಿರ್ಣಯವಾಗಿ ತಂದವು. ಎರಡು ದಿನ ತಿದ್ದಿ ತಿದ್ದಿ ಸಾಲು ಚೆನ್ನಾಗಿಯೇ ಆಗಿತ್ತು. ಹದಿನಾಲ್ಕು ಕೈ ಎದ್ದವು. ಫ್ರಾನ್ಸಿನ ಡೆಸ್ಕಿನಲ್ಲಿದ್ದ ಕಾರಟಗಿ ಕಡೆಯ ಹುಡುಗಿ ಕೈ ಎತ್ತಲಿಲ್ಲ, ಬೇಡ ಎಂದಳು. ಫ್ರಾನ್ಸಿನ ಆಕ್ಷೇಪಣೆ ಏನು ಎಂದು ಮಹಾ ಕಾರ್ಯದರ್ಶಿ ಕೇಳಿದ. ಅವಳು ಎದ್ದು ನಿಂತು, ‘ಇದರಲ್ಲಿ ನಮ್ಮ ಮುತ್ತಜ್ಜ ಸಿಕ್ಕಿಹಾಕಿಕೊಳ್ಳುತ್ತಾರೆ’ ಎಂದಳು. ಮುತ್ತಜ್ಜ ಮುಂಡರಗಿ ಶಿಬಿರದಲ್ಲಿದ್ದವರಂತೆ. ಫ್ರಾನ್ಸಿಗೆ ಮುಂಡರಗಿಯಲ್ಲಿ ಮುತ್ತಜ್ಜನಿರಲು ಸಾಧ್ಯವಿಲ್ಲ ಎಂದು ರಷ್ಯ ತಕರಾರು ತೆಗೆಯಿತು. ವೀಟೊಗೆ ಕಾರಣ ಕೊಡಬೇಕೆಂಬ ನಿಯಮ ವಿಶ್ವಸಂಸ್ಥೆಯ ಸನ್ನದಿನಲ್ಲಿ ಎಲ್ಲಿದೆ ತೋರಿಸಿ ಎಂದು ಅವಳು ಕೇಳಿದಳು. ಸನ್ನದಿನಲ್ಲಿ ಇಲ್ಲ. ಮಹಾ ಕಾರ್ಯದರ್ಶಿ ಹಲಗೆಯ ಮೇಲಿನ ವಾಕ್ಯದ ಕೆಳಗೆ ‘ಮುಂದೂಡಲಾಗಿದೆ’ ಎಂದು ಬರೆದ, ಗಂಟೆ ಹೊಡೆಯಿತು, ಬುಟ್ಟಿ ಬಂತು.

ಮರುದಿನ ಮೊದಲ ಅವಧಿ ಅರ್ಥಶಾಸ್ತ್ರದ್ದು. ನಾನು ಪಕ್ಕದ ತರಗತಿಗೆ ಹೋಗುತ್ತಾ ಕಿಟಕಿಯಿಂದ ನೋಡಿದೆ. ಅರ್ಥಶಾಸ್ತ್ರದ ಉಪನ್ಯಾಸಕರು ಆ ವಾಕ್ಯವನ್ನು ಒರೆಸದೆ, 1930ರ ಚೌಕಕ್ಕೂ ಅದಕ್ಕೂ ನಡುವೆ ಉಳಿದಿದ್ದ ಜಾಗದಲ್ಲೇ ಬೇಡಿಕೆಯ ರೇಖೆ ಎಳೆಯುತ್ತಿದ್ದರು.